ಡ್ರಮ್ಮರ್ ಲೊಂಬೆಯವರ ಅಧಿಕೃತ ನಿಧನ

ಲುಕೋಶಿ ಪಟ್ಟಣದಲ್ಲಿ ರಸ್ತೆಗಾಗಲಿ, ವೃತ್ತಕ್ಕಾಗಲಿ, ಸಾರ್ವಜನಿಕ ಶೌಚಾಲಯಕ್ಕಾಗಲಿ ಬದುಕಿರುವವರ ಹೆಸರನ್ನು ಇಡತಕ್ಕದ್ದಲ್ಲ. ಇದು ನಗರ ಕೌನ್ಸಿಲ್ಲಿನ ನಿಯಮ. ಹಿಂದೊಮ್ಮೆ ಬಸ್ ನಿಲ್ದಾಣಕ್ಕೆ ಬದುಕಿದ್ದ ಒಬ್ಬ ಮಂತ್ರಿಯ ಹೆಸರಿಟ್ಟಿದ್ದರು. ಆತ ಪಕ್ಷ ಬದಲಾಯಿಸಿದಾಗಲೆಲ್ಲ ಬೋರ್ಡಿಗೆ ಸುಣ್ಣ ಬಳಿದು ಬಳಿದು, ಕೊನೆಗೆ ಬೋರ್ಡು ಸುಣ್ಣದ ಭಾರಕ್ಕೇ ಕಳಚಿ ಬಿತ್ತು. ಸತ್ತವರು ಪಕ್ಷ ಬದಲಾಯಿಸುವುದಿಲ್ಲ, ಆದ್ದರಿಂದ ಗೌರವಕ್ಕೆ ಅವರೇ ಯೋಗ್ಯರು ಎಂದು ಕೌನ್ಸಿಲ್ ಸರ್ವಾನುಮತದಿಂದ ತೀರ್ಮಾನಿಸಿತು.

ಈ ನಿಯಮ ವೆಬ್ಬಿ ಕಪಾಂಪಾನ ನಿದ್ದೆಯನ್ನು ಎಂದೂ ಕೆಡಿಸಿರಲಿಲ್ಲ. ತಾಮ್ರದ ಗಣಿಯಲ್ಲಿ ಜನರನ್ನು ನೆಲದೊಳಕ್ಕೆ ಇಳಿಸಿ ಮತ್ತೆ ಮೇಲಕ್ಕೆಳೆಯುವ ಯಂತ್ರ ನಡೆಸಿ ನಿವೃತ್ತನಾದವನು ಅವನು. ಅವನಿಗೆ ದೇವರು ಒಬ್ಬನೇ, ಹೆಂಡತಿ ಒಬ್ಬಳೇ, ವಾದ್ಯತಂಡವೂ ಒಂದೇ: ಫರ್ನೇಸ್ ಬ್ರದರ್ಸ್. ಈ ಮೂರರಲ್ಲಿ ಯಾರು ಮೊದಲು ಎಂಬ ಬಗ್ಗೆ ಮಾತ್ರ ಹೆಂಡತಿಗೆ ಅನುಮಾನವಿತ್ತು. ಮನೆಯ ಗೋಡೆಯಲ್ಲಿ ಮದುವೆಯ ಫೋಟೋ ಅಂಗೈಯಗಲ, ತಂಡದ ಫೋಟೋ ಕಿಟಕಿಯಗಲ ಇದ್ದ ಮೇಲೆ ಆಕೆಯನ್ನು ದೂರುವಂತಿಲ್ಲ.

ತಾಮ್ರಕ್ಕೆ ಬೆಲೆಯಿದ್ದ ಎಪ್ಪತ್ತರ ದಶಕದಲ್ಲಿ ಲುಕೋಶಿಗೆ ಕರೆಂಟಿನ ಗಿಟಾರು ಬಂದಿತ್ತು. ಗಣಿಯ ಹುಡುಗರು ಬೆಲ್ ಬಾಟಂ ತೊಟ್ಟು, ಇಟ್ಟಿಗೆಯೆತ್ತರದ ಹಿಮ್ಮಡಿಯ ಬೂಟು ಮೆಟ್ಟಿ, ವೆಲ್ಫೇರ್ ಹಾಲಿನ ತಗಡಿನ ಸೂರು ನಡುಗುವ ಹಾಗೆ ರಾಕ್ ಬಾರಿಸಿದರು. ಫರ್ನೇಸ್ ಬ್ರದರ್ಸ್ ಒಂದು ತಂಡ, ನೈಟ್ ಶಿಫ್ಟ್ ಇನ್ನೊಂದು. ಊರು ಇಬ್ಭಾಗವಾಯಿತು. ಒಂದು ತಂಡ ಕೇಳುವವರು ಇನ್ನೊಂದು ತಂಡ ಕೇಳುವವರ ಅಂಗಡಿಯಲ್ಲಿ ಸೋಪು ಕೂಡ ಕೊಳ್ಳುತ್ತಿರಲಿಲ್ಲ. ಆಮೇಲೆ ತಾಮ್ರದ ಬೆಲೆ ಬಿತ್ತು, ಗಿಟಾರುಗಳ ತಂತಿ ಹರಿಯಿತು, ವೆಲ್ಫೇರ್ ಹಾಲ್ ಮೊದಲು ಚರ್ಚಾಗಿ ಆಮೇಲೆ ಸಿಮೆಂಟಿನ ಉಗ್ರಾಣವಾಯಿತು. ಜಗಳ ಮಾತ್ರ ಉಳಿಯಿತು. ಅದನ್ನು ಉಳಿಸಿದವರು ಇಬ್ಬರು. ಒಬ್ಬ ಕಪಾಂಪಾ, ಇನ್ನೊಬ್ಬ ದರ್ಜಿ ಬೋನಿಫೇಸ್ ಜೆರೆ.

ನೈಟ್ ಶಿಫ್ಟಿನವರ ಬೆಲ್ ಬಾಟಂ ಹೊಲಿದ ಕೈ ಜೆರೆಯದು. ಆ ಪ್ಯಾಂಟುಗಳ ಅಗಲವೇ ಸಂಗೀತದ ಆಳ ಎಂದು ಅವನ ನಂಬಿಕೆ. ಕಪಾಂಪಾ ದಿನವೂ ಬೆಳಿಗ್ಗೆ ಗಂಜಿ ಕುಡಿದು ಜೆರೆಯ ಅಂಗಡಿಯ ಜಗಲಿಗೆ ಹೋಗುತ್ತಿದ್ದ. ಜೆರೆ ಹೊಲಿಗೆ ಯಂತ್ರ ತುಳಿಯುತ್ತಲೇ ಶುರುಮಾಡುತ್ತಿದ್ದ.

"ಲೋ ಬಶಿ ಚೋಲಾ," ಎನ್ನುತ್ತಿದ್ದ. ಕಪಾಂಪಾನ ಹಿರಿಮಗಳು ಚೋಲಾ. ಅಲ್ಲಿ ಗಂಡಸನ್ನು ಕರೆಯುವುದು ಹಾಗೆಯೇ, ಚೋಲಾಳ ಅಪ್ಪ ಎಂದು. "ನಿಮ್ಮ ಲೊಂಬೆ ಡ್ರಮ್ ಬಾರಿಸೋದು ಅಂದ್ರೆ ಬಸ್ಸು ತಪ್ಪಿಸ್ಕೊಂಡೋನು ಓಡಿದ ಹಾಗೆ. ಹಾಡು ಇಲ್ಲಿ, ಆತ ಮುಂದಿನ ಸ್ಟಾಪಲ್ಲಿ."

"ನಿಮ್ಮೋರ ಹಾಡಿಗೆ ಓಡೋದು ಏನ್ ಬಂತು, ಕೇಳಿದ ಕೋಳೀನೂ ತೂಕಡಿಸುತ್ತೆ."

"ಕೋತಿ ತಿನ್ನೋರಿಗೆ ತಾಳದ ಗತಿ ಏನಯ್ಯಾ ಗೊತ್ತು?"

"ಇಲಿ ಹುರ್ಕೊಂಡು ತಿನ್ನೋರು ಹೇಳ್ತಾರೆ, ಕೇಳ್ಬೇಕು."

ಇದನ್ನು ಕೇಳಿ ಹೊಸಬರು ಗಾಬರಿಯಾಗುವುದುಂಟು. ಕಾರಣವಿಲ್ಲ. ಕಪಾಂಪಾ ಬೆಂಬಾ ಜನ, ಜೆರೆ ಎಂಗೋನಿ ಜನ. ಅವರ ಮುತ್ತಾತಂದಿರು ಈಟಿ ಹಿಡಿದು ಬಡಿದಾಡಿ, ಸಾಕಾಗಿ, ಇನ್ನು ಮುಂದೆ ಬಾಯಲ್ಲೇ ಬಡಿದಾಡೋಣ ಎಂದು ಒಪ್ಪಿಕೊಂಡರು. ಅಂದಿನಿಂದ ಎರಡೂ ಕಡೆಯವರು ಗೇಲಿ ನೆಂಟರು. ಗೇಲಿ ನೆಂಟ ಏನಂದರೂ ಸಿಟ್ಟಾಗುವಂತಿಲ್ಲ. ಇಷ್ಟೇ ಅಲ್ಲ, ಒಂದು ಕಡೆಯವರು ಸತ್ತರೆ ಇನ್ನೊಂದು ಕಡೆಯ ನೆಂಟನೇ ಬಂದು ಗುಂಡಿ ತೋಡಬೇಕು, ಹೂಳಬೇಕು, ಅಳುವವರ ನಡುವೆ ನಿಂತು ಹೆಣವನ್ನು ಬಾಯಿಗೆ ಬಂದಂತೆ ಬೈಯಬೇಕು. ಬೈಯದಿದ್ದರೆ ಸತ್ತವರಿಗೆ ಅವಮಾನ. ಅಳುವ ಮನೆಯಲ್ಲಿ ಒಬ್ಬರಾದರೂ ನಗಿಸದಿದ್ದರೆ ಉಳಿದವರು ಬದುಕುವುದು ಹೇಗೆ?

ಆದರೆ ಗೇಲಿ ಯಾವುದು, ನಿಜವಾದ ಅಭಿಪ್ರಾಯ ಯಾವುದು ಎಂದು ತಿಳಿಯದಿರುವುದು ಈ ನೆಂಟಸ್ತಿಕೆಯ ದೊಡ್ಡ ಕಷ್ಟ. ಲೊಂಬೆಯವರ ತಾಳದ ಬಗ್ಗೆ ಜೆರೆಯ ಮನಸ್ಸಿನಲ್ಲಿ ನಿಜಕ್ಕೂ ಏನಿದೆ? ಕಪಾಂಪಾಗೆ ಅದೊಂದು ಗೊತ್ತಾಗಬೇಕಿತ್ತು. ಸಾಯುವುದರೊಳಗೆ ಒಂದೇ ಒಂದು ಸಲ ಈ ದರ್ಜಿ ನೆಟ್ಟಗೆ ನಿಂತು "ಲೊಂಬೆ ಚೆನ್ನಾಗಿ ಬಾರಿಸಿದ" ಎನ್ನಬೇಕು. ಬೇರೆ ಆಸೆ ಅವನಿಗೆ ಇರಲಿಲ್ಲ.

ಹೀಗಿರುವಾಗ ಒಂದು ದಿನ ಕೌನ್ಸಿಲ್ಲಿನ ಮೈಕಿನ ಗಾಡಿ ಬಂತು.

"ಲುಕೋಶಿಯ ಮಹಾಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮಾರುಕಟ್ಟೆಯ ಮುಂದಿನ ವೃತ್ತಕ್ಕೆ ಪಟ್ಟಣದ ಕೀರ್ತಿಶಾಲಿ ರಾಕ್ ತಂಡವೊಂದರ ಹೆಸರಿಡಲು ತೀರ್ಮಾನಿಸಲಾಗಿದೆ. ವೃತ್ತ ಒಂದೇ ಇರುವುದರಿಂದ ತಂಡವೂ ಒಂದೇ ಇರತಕ್ಕದ್ದು. ತಂಡದ ಸದಸ್ಯರೆಲ್ಲರೂ ಸಂಪೂರ್ಣವಾಗಿ ಸತ್ತಿರತಕ್ಕದ್ದು. ಭಾಗಶಃ ಸತ್ತ ತಂಡಗಳನ್ನು ಪರಿಗಣಿಸಲಾಗುವುದಿಲ್ಲ."

ಜೆರೆ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ನಿಂತ. "ಗೆದ್ವಿ! ನಮ್ಮೋರು ನಾಲ್ಕೂ ಜನ ಸತ್ತಿದ್ದಾರೆ! ಒಬ್ಬನೂ ಉಳಿದಿಲ್ಲ ಕಣೋ, ಒಬ್ಬನೂ..."

ಅವನು ಕೈಯಲ್ಲಿದ್ದ ಬಟ್ಟೆ ಮಡಿಚಿ ನೆಲ ನೋಡಿದ. ಕಪಾಂಪಾ ಕೂಡ ನೆಲ ನೋಡಿದ. ಮೈ ಸೊರಗಿಸಿ ಕೊಲ್ಲುವ ರೋಗ ಊರು ಹೊಕ್ಕ ಆ ಕೆಟ್ಟ ವರ್ಷಗಳಲ್ಲಿ ಲುಕೋಶಿಯ ಜನ ಒಂದು ಸಾವಿನ ಮನೆಯಿಂದ ಇನ್ನೊಂದಕ್ಕೆ ಬಟ್ಟೆ ಬದಲಾಯಿಸದೆ ಹೋಗುತ್ತಿದ್ದರು. ಬೆಲ್ ಬಾಟಂ ಹೊಲಿದ ಅಳತೆಗಳು ಇನ್ನೂ ನೆನಪಿದ್ದ ಜೆರೆ, ಅದೇ ಹುಡುಗರಿಗೆ ಕೊನೆಯ ಅಂಗಿಯನ್ನೂ ಹೊಲಿದಿದ್ದ. ಅಳತೆ ಬಹಳ ಕಡಿಮೆಯಾಗಿತ್ತು. ಅದನ್ನು ಅವನು ಯಾರಿಗೂ ಹೇಳುವುದಿಲ್ಲ.

"ಅಭಿನಂದನೆ," ಎಂದ ಕಪಾಂಪಾ.

"ಇರ್ಲಿ ಬಿಡು," ಎಂದ ಜೆರೆ, ಮತ್ತೆ ಕೂತ.

ಫರ್ನೇಸ್ ಬ್ರದರ್ಸಿನ ತೊಂದರೆಯೆಂದರೆ ಲೊಂಬೆಯವರು. ಹಾಡುಗಾರ, ಗಿಟಾರಿನವರಿಬ್ಬರು ಎಲ್ಲ ಹೋಗಿದ್ದರು. ಡ್ರಮ್ಮರ್ ಕ್ರಿಸ್ಪಿನ್ ಲೊಂಬೆ ಮಾತ್ರ ಎಪ್ಪತ್ತು ದಾಟಿ, ಸೋದರ ಸೊಸೆ ಗೋಡ್‌ಫ್ರಿಡಾಳ ಹಿತ್ತಲಿನ ಕೋಣೆಯಲ್ಲಿ, ಹಳೆಯ ತಗಡು ಬಡಿದು ಇದ್ದಿಲೊಲೆ ಮಾಡಿ ಮಾರುತ್ತ ಬದುಕಿದ್ದರು. ಅವರು ಬದುಕಿದ್ದಾರೆ ಎಂಬುದು ಬಹಳ ಜನಕ್ಕೆ ಮರೆತುಹೋಗಿತ್ತು. ದುರದೃಷ್ಟವಶಾತ್ ಕಪಾಂಪಾ ಪ್ರಾಮಾಣಿಕ.

ಅವನು ಕೋಟು ತೊಟ್ಟು ಟೌನ್ ಕ್ಲರ್ಕ್ ಪ್ರಿಸ್ಕಾ ಮುಕುಕಾ ಅವರ ಕಚೇರಿಗೆ ಹೋದ. ಆಕೆ ಕಾನೂನು ಓದಿದವರು, ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಬರಿಗೈಯಲ್ಲಿ ಬಂದವರನ್ನು ಒಳಗೆ ಬಿಟ್ಟವರೂ ಅಲ್ಲ. ಕಪಾಂಪಾ ಒಂದು ಹುಂಜ ಒಯ್ದಿದ್ದ.

"ತಂಡದಲ್ಲಿ ಎಷ್ಟು ಜನ?"

"ನಾಲ್ಕು, ಬಾ ಕ್ಲರ್ಕ್." ಅಲ್ಲಿ ಹೆಸರಿನ ಮುಂದೆ ಬಾ ಎಂದರೆ ನಮ್ಮ ಅವರೇ ಎಂದ ಹಾಗೆ, ಮರ್ಯಾದೆಯ ಮಾತು.

"ಸತ್ತವರು?"

"ಮೂರು."

"ಶೇಕಡ ಎಪ್ಪತ್ತೈದು," ಎಂದು ಆಕೆ ಮರುಗಿದರು. "ಬೇರೆ ಯಾವ ಪರೀಕ್ಷೆಯಲ್ಲಾದ್ರೂ ಒಳ್ಳೇ ಅಂಕ. ಉಳಿದಿರೋರ ಆರೋಗ್ಯ ಹೇಗಿದೆ?"

"ಚೆನ್ನಾಗಿದೆ."

"ಅಯ್ಯೋ ಪಾಪ."

ಹುಂಜ ಮೇಜಿನ ಕೆಳಗೆ ಒಮ್ಮೆ ಕೂಗಿತು. ಕ್ಲರ್ಕ್ ಸ್ವಲ್ಪ ಯೋಚಿಸಿ, ಆಡಳಿತಾತ್ಮಕ ನಿಧನ ಎಂಬ ಸೌಲಭ್ಯವಿದೆ ಎಂದು ತಿಳಿಸಿದರು. ಅರ್ಜಿದಾರರು ಕೌನ್ಸಿಲ್ಲಿನ ಅಂಗೀಕೃತ ಅಂಗಡಿಯಿಂದ ಶವಪೆಟ್ಟಿಗೆ ಕೊಳ್ಳತಕ್ಕದ್ದು. ಅಂಗೀಕೃತ ಅಂಗಡಿ ಎಂದರೆ ಮೇಯರ್ ಸಾಹೇಬರ ಭಾವಮೈದುನನದು. ಗುಂಡಿಯ ಶುಲ್ಕ ಕಟ್ಟತಕ್ಕದ್ದು. ಪದ್ಧತಿಯಂತೆ ಗೇಲಿ ನೆಂಟನಿಂದ ಹೂಳಿಸತಕ್ಕದ್ದು. ಇಷ್ಟಾದರೆ ವ್ಯಕ್ತಿ ಸತ್ತಂತೆ.

"ಡಾಕ್ಟರ್ ಸರ್ಟಿಫಿಕೇಟ್ ಬೇಡ್ವಾ?" ಎಂದ ಕಪಾಂಪಾ.

"ಅದು ಬದುಕಿರೋರಿಗೆ ರಜೆ ಬೇಕಾದಾಗ. ಸಾವಿಗೆ ಸಾಕ್ಷಿ ಪೆಟ್ಟಿಗೆಯ ರಸೀದಿ. ಮತ್ತೆ, ಬಾ ಕಪಾಂಪಾ, ಪೆಟ್ಟಿಗೆಯೊಳಗೆ ಅವರು ಇರ್ಲೇಬೇಕು ಅಂತ ಎಲ್ಲೂ ಬರೆದಿಲ್ಲ. ಸೆಕೆ ಕಾಲ ನೋಡಿ."

ಲೊಂಬೆಯವರ ಹಿತ್ತಲಿಗೆ ಕಪಾಂಪಾ ಸುತ್ತು ದಾರಿ ಹಿಡಿದು ಹೋದ. ಗಣಿಯಲ್ಲಿದ್ದಷ್ಟು ಕಾಲ ಜನರನ್ನು ಕೆಳಗಿಳಿಸಿದ್ದ, ನಿಜ. ಇಳಿಸಿದವರನ್ನೆಲ್ಲ ಮೇಲಕ್ಕೂ ತಂದಿದ್ದ. ಇದು ಬೇರೆ ಬಗೆಯ ಇಳಿಸುವಿಕೆ. ಬಾಗಿಲ ಬಳಿ ನಿಂತು ಸುತ್ತಿಗೆಯ ಸದ್ದು ಕೇಳಿದ. ತಗಡಿನ ಮೇಲೆ ಏಟು ಒಂದರ ಹಿಂದೊಂದು, ಒಂದು ಕೂದಲೆಳೆ ಆಚೀಚೆ ಇಲ್ಲದೆ ಬೀಳುತ್ತಿತ್ತು. ಆಮೇಲೆ ಬಾಗಿಲು ತಟ್ಟಿದ.

ವಿಷಯವನ್ನು ಕೇಳಿ ಗೋಡ್‌ಫ್ರಿಡಾ ಸೌಟು ಎತ್ತಿಕೊಂಡಳು. "ನಿಮಗೆ ನಾಚಿಕೆ ಆಗಲ್ವಾ? ಬದುಕಿದ್ದಾಗ ಒಂದಿನ ಬಂದು ಒಂದು ಒಲೆ ತಗೊಂಡೋರಿಲ್ಲ, ಈಗ ಸಾಯಿ ಅಂತ ಹೇಳೋಕೆ ಕೋಟು ಹಾಕ್ಕೊಂಡು ಬಂದ್ರಾ?"

"ಆಗುತ್ತೆ, ತಾಯಿ. ನಾಚಿಕೆ ಆಗುತ್ತೆ," ಎಂದ ಕಪಾಂಪಾ.

ಲೊಂಬೆಯವರು ಸುತ್ತಿಗೆ ಕೆಳಗಿಟ್ಟರು. "ಜನ ಬರ್ತಾರಾ?" ಎಂದು ಕೇಳಿದರು.

"ಊರೇ ಬರುತ್ತೆ, ಬಾ ಲೊಂಬೆ."

"ಮೂರೂ ಹುಡುಗರ ಮಣ್ಣಿಗೆ ನಾನೇ ಬಾರಿಸಿದ್ದು. ಕೊನೆಯವನದು ಮುಗಿಸಿ ಬರುವಾಗ ಅನ್ನಿಸ್ತು, ನಂದಕ್ಕೆ ಯಾರು ಬಾರಿಸ್ತಾರೆ ಅಂತ. ಇವತ್ತಿನ ಹುಡುಗ್ರು ಫೋನಲ್ಲಿ ಡ್ರಮ್ ಒತ್ತುತಾರೆ." ಅವರು ತಗಡನ್ನು ತಿರುವಿ ನೋಡಿದರು. "ಈಗಲೇ ಸತ್ತರೆ ನನ್ನದಕ್ಕೆ ನಾನೇ ಬಾರಿಸ್ಕೋಬಹುದು, ಅಲ್ವಾ? ಕೈ ಇನ್ನೂ ಇದೆ. ಗೋಡ್‌ಫ್ರಿಡಾ, ಸೌಟು ಇಳಿಸಮ್ಮ. ಯಾವ ವಾರ ಅಂತ ಕೇಳು."

ಶನಿವಾರ ಎಂದು ನಿಶ್ಚಯವಾಯಿತು. ಉಳಿದದ್ದು ಗೇಲಿ ನೆಂಟನ ವಿಚಾರ. ಲೊಂಬೆಯವರೂ ಬೆಂಬಾ ಜನ, ಲುಕೋಶಿಯಲ್ಲಿ ಅವರಿಗೆ ಹತ್ತಿರದ ಎಂಗೋನಿ ನೆಂಟ ಎಂದರೆ ಜೆರೆಯೇ. ಅವನು ಹೂಳಿದರೆ ಅವನ ತಂಡಕ್ಕೆ ವೃತ್ತ ಕೈತಪ್ಪುವ ಭಯ, ಹೂಳದಿದ್ದರೆ ಕುಲಕ್ಕೆ ಕಳಂಕ. ಜೆರೆ ಟೌನ್ ಕ್ಲರ್ಕ್ ಬಳಿಗೆ ಓಡಿ, ಎದುರಾಳಿ ತಂಡದ ಅಭಿಮಾನಿ ಎಂಬ ಕಾರಣಕ್ಕೆ ತನಗೆ ವಿನಾಯಿತಿ ಬೇಕೆಂದು ಕೇಳಿದ. ಪದ್ಧತಿಗೂ ಸಂಗೀತಕ್ಕೂ ಸಂಬಂಧ ಕಲ್ಪಿಸತಕ್ಕದ್ದಲ್ಲ ಎಂದು ಉತ್ತರ ಬಂತು.

"ನೀನು ಬರ್ದೇ ಇದ್ರೆ ಬೇರೆ ಎಂಗೋನಿ ಹುಡುಕ್ತೀವಿ," ಎಂದ ಕಪಾಂಪಾ.

"ಹುಡುಕಿ ನೋಡು!" ಜೆರೆ ಕತ್ತರಿಯನ್ನು ಮೇಜಿಗೆ ಕುಟ್ಟಿದ. "ಲೊಂಬೇನ ಬೈಯೋ ಹಕ್ಕು ನಂದು. ಇಷ್ಟು ವರ್ಷ ಅಭ್ಯಾಸ ಮಾಡಿದ್ದೀನಿ."

ಶನಿವಾರ ಊರೇ ಬಂತು. ಹೆಂಗಸರು ಚಿತೆಂಗೆ ಬಟ್ಟೆ ಸುತ್ತಿ ಗೋಡ್‌ಫ್ರಿಡಾಳ ಮನೆಯೊಳಗೆ ಕೂತು ಅತ್ತರು. ಲೊಂಬೆಯವರು ಅವರಿಗೆಲ್ಲ ಚಹಾ ತಂದುಕೊಟ್ಟರು. ಅಂಗಳದಲ್ಲಿ ನ್ಶಿಮಾ ಮುದ್ದೆ, ಒಣ ಮೀನಿನ ಸಾರು. ಸತ್ತವರು ಎರಡು ಸಲ ಬಡಿಸಿಕೊಂಡರು. ಪಾದ್ರಿಗಳು ಮೃತರ ಸದ್ಗುಣಗಳನ್ನು ಹೇಳುವಾಗ ಒಂದೆರಡು ಬಿಟ್ಟುಹೋದದ್ದನ್ನು ಮೃತರೇ ವಿನಯದಿಂದ ನೆನಪಿಸಿದರು. ಆಮೇಲೆ ಖಾಲಿ ಪೆಟ್ಟಿಗೆಯನ್ನು ಪಿಕಪ್ ಗಾಡಿಯ ಮೇಲಿಟ್ಟರು. ಲೊಂಬೆಯವರು ಡ್ರೈವರನ ಪಕ್ಕ ಕೂತರು.

ಸ್ಮಶಾನದ ಗೇಟಿನಲ್ಲಿ ಜೆರೆ ರಸ್ತೆಗೆ ಅಡ್ಡ ಮಲಗಿದ್ದ. ಗೇಲಿ ನೆಂಟನಿಗೆ ಆ ಹಕ್ಕಿದೆ.

"ಈ ಕೋತಿ ತಿನ್ನೋ ಮುದುಕನ್ನ ನಮ್ಮ ಮಣ್ಣಿಗೆ ಹಾಕೋಕೆ ಬಿಡಲ್ಲ!" ಎಂದು ಕೂಗಿದ. ಜನ ನಕ್ಕರು. "ಮದುವೆ ದಿನವೇ ಅವಸರ ಮಾಡಿ ಬೇರೆ ಚರ್ಚಿಗೆ ಹೋದ ಗಂಡು ಇದು! ಇವನ ಒಲೆ ತಗೊಂಡ ಮನೆಯಲ್ಲಿ ಗಂಜಿ ಬೇಯೋ ಮೊದಲೇ ಪಾತ್ರೆ ಕರಗುತ್ತೆ!" ಲೊಂಬೆಯವರು ಗಾಡಿಯೊಳಗೆ ತಲೆಯಾಡಿಸುತ್ತ ನಕ್ಕರು. ಜೆರೆ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಕೊನೆಯದನ್ನು ಹೇಳಿದ. "ಸಾಯೋದ್ರಲ್ಲೂ ನೋಡಿ, ತಾಳ ತಪ್ಪಿ ಮೊದಲೇ ಬಂದುಬಿಟ್ಟ!"

ಲೊಂಬೆಯವರು ಗಾಡಿಯಿಂದ ಇಳಿದರು. ಅವರ ಹಳೆಯ ಡ್ರಮ್ಮುಗಳನ್ನು ಕಪಾಂಪಾ ಗುಂಡಿಯ ಪಕ್ಕ ಜೋಡಿಸಿಟ್ಟಿದ್ದ. ಅವರು ಕೂತು, ಕೋಲು ಎತ್ತಿ, ಬಾರಿಸಿದರು.

ಮೊದಲು ಯಾರೂ ಅಲ್ಲಾಡಲಿಲ್ಲ. ಆಮೇಲೆ ಹಿಂದೆ ನಿಂತಿದ್ದ ಒಬ್ಬ ಮುದುಕಿಯ ಭುಜ ಕುಣಿಯಿತು. ಸ್ವಲ್ಪ ಹೊತ್ತಿಗೆ ಸ್ಮಶಾನ ವೆಲ್ಫೇರ್ ಹಾಲಾಯಿತು. ಫೋನಿನ ಸಂಗೀತ ಬಿಟ್ಟು ಬೇರೆ ಕೇಳದ ಹುಡುಗಿಯರು ಬಾಯಿ ತೆರೆದು ನಿಂತರು. ಕಪಾಂಪಾ ಅತ್ತ, ಸಂತೋಷಕ್ಕೆ ಅತ್ತ, ಅಳುತ್ತಲೇ ಜೆರೆಯ ಮುಖ ನೋಡಿದ. ಜೆರೆ ಗುದ್ದಲಿಯ ಕಾವಿನ ಮೇಲೆ ಗಲ್ಲವಿಟ್ಟು ನೆಲ ನೋಡುತ್ತಿದ್ದ. ಅವನ ಬೂಟಿನ ತುದಿ ಮಾತ್ರ ತಾಳಕ್ಕೆ ಸರಿಯಾಗಿ ಆಡುತ್ತಿತ್ತು. ಕಪಾಂಪಾ ನೋಡಿದ್ದು ಕಂಡ ಕೂಡಲೆ ಜೆರೆ ಅದನ್ನೂ ನಿಲ್ಲಿಸಿದ.

ಸತ್ತವರು ಹೀಗೆ ಬಾರಿಸಬಹುದೇ ಎಂದು ನೈಟ್ ಶಿಫ್ಟಿನ ಕಡೆಯವರೊಬ್ಬರು ಲಿಖಿತ ಆಕ್ಷೇಪ ಎತ್ತಿದರು. ಟೌನ್ ಕ್ಲರ್ಕ್ ಅದನ್ನು ಸ್ಥಳದಲ್ಲೇ ವಿಲೇವಾರಿ ಮಾಡಿದರು. ಕೌನ್ಸಿಲ್ಲಿನ ಸಂಬಳದ ಪಟ್ಟಿಯಲ್ಲಿ ಸಾಕಷ್ಟು ಮೃತರು ತಿಂಗಳು ತಪ್ಪದೆ ಸಂಬಳ ಪಡೆಯುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ಸಂಬಳ ಎಣಿಸಿಕೊಳ್ಳುವ ಕೈ ಡ್ರಮ್ ಬಾರಿಸಿದರೆ ಅಡ್ಡಿಯೇನು? ಬಾರಿಸುವುದು ಜೀವಂತಿಕೆಯ ಪುರಾವೆಯಲ್ಲ ಎಂದು ಆದೇಶವಾಯಿತು. ಜೆರೆ ಪೆಟ್ಟಿಗೆಯನ್ನು ಗುಂಡಿಗಿಳಿಸಿ ಮಣ್ಣೆಳೆದ. ಈಗ ಎರಡೂ ತಂಡಗಳು ನೂರಕ್ಕೆ ನೂರು ಸತ್ತವು. ಸರಿಸಮವಾದಾಗ ತೀರಾ ಇತ್ತೀಚೆಗೆ ಸತ್ತವರಿಗೆ ಆದ್ಯತೆ ಎಂಬ ಹೊಸ ನಿಯಮವನ್ನು ಸೋಮವಾರ ಮಾಡಿ, ಅದನ್ನು ಶನಿವಾರದಿಂದಲೇ ಜಾರಿಗೆ ತರಲಾಯಿತು.

ವೃತ್ತದಲ್ಲಿ ಫಲಕ ಬಂತು. ಫರ್ನೇಸ್ ಬ್ರದರ್ಸ್ ವೃತ್ತ. ಕೆಳಗೆ ನಾಲ್ಕು ಹೆಸರು, ನಾಲ್ಕು ತಾರೀಖು. ಲೊಂಬೆಯವರು ಸಂಜೆ ಹೊತ್ತು ಅಲ್ಲಿಗೆ ಹೋಗಿ ತಮ್ಮ ಹೆಸರಿನ ಮೇಲೆ ಕೂತ ಧೂಳನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದರು. ಜನ ಅವರನ್ನು ಮರ್ಯಾದೆಯಿಂದ ಕಾಣತೊಡಗಿದರು. ಹಿರಿಯರ ಆತ್ಮ ಸಂತೃಪ್ತವಾಗಿರಲಿ ಎಂದು ಕೋಳಿಯ ಕಾಲು, ಮುಂಕೋಯೋ ಪಾನಕ ತಂದುಕೊಡುತ್ತಿದ್ದರು. ಬದುಕಿದ್ದಾಗ ಅಪರೂಪಕ್ಕೊಂದು ಮಾರಾಟವಾಗುತ್ತಿದ್ದ ಒಲೆಗಳು, ದಿವಂಗತರ ಕೈಯವು ಎಂಬ ಕಾರಣಕ್ಕೆ ಬಿಸಿ ದೋಸೆಯ ಹಾಗೆ ಖರ್ಚಾದವು. ಗಣಿಯ ಪಿಂಚಣಿ ನಿಂತಿತು, ಅದು ಸಹಜ. ಗೋಡ್‌ಫ್ರಿಡಾ ಗೊಣಗಿದಾಗ ಅವರು, "ಸತ್ತವನಿಗೆ ಎಷ್ಟು ಖರ್ಚಮ್ಮ?" ಎಂದು ಸಮಾಧಾನ ಹೇಳಿದರು. ಜೀವಮಾನದಲ್ಲೇ ಅವರು ಅಷ್ಟು ಸಂತೋಷವಾಗಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಮಳೆ ಹಿಡಿದಾಗ ಅವರಿಗೆ ಜ್ವರ ಬಂತು. ಕಪಾಂಪಾ ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಒಯ್ದ. ಅಲ್ಲಿನ ನರ್ಸು ಒಳ್ಳೆಯ ಹೆಂಗಸು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಆದರೆ ಮೃತರಿಗೆ ಮಾತ್ರೆ ಕೊಡುವ ಅಧಿಕಾರ ತನಗಿಲ್ಲ, ಮೃತರ ವಿಭಾಗ ಹಿಂದಿನ ಕಟ್ಟಡದಲ್ಲಿದೆ, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ ಎಂದು ಬೇಸರದಿಂದಲೇ ಹೇಳಿದಳು.

"ಇವರು ಉಸಿರಾಡ್ತಿದ್ದಾರೆ, ಸಿಸ್ಟರ್!" ಎಂದು ಕಪಾಂಪಾ ಕಿರುಚಿದ.

"ಕಾಣಿಸ್ತಿದೆ, ಬಾಬಾ. ಆದರೆ ನಾನೇ ಇವರ ಮಣ್ಣಿಗೆ ಬಂದಿದ್ದೆ. ಎಷ್ಟು ಚೆನ್ನಾಗಿ ನಡೀತು!"

ಕಪಾಂಪಾ ಪೇಟೆಯ ಔಷಧದ ಅಂಗಡಿಯಿಂದ ಮಾತ್ರೆ ತಂದ. ತಡವಾಗಿತ್ತು. ಮೂರನೆಯ ದಿನ ಮಧ್ಯಾಹ್ನ, ಮಂಚದ ಅಂಚಿನಲ್ಲಿ ಬೆರಳು ಕುಟ್ಟುತ್ತಿದ್ದ ಲೊಂಬೆಯವರು ಕುಟ್ಟುವುದನ್ನು ನಿಲ್ಲಿಸಿದರು. ಕಪಾಂಪಾ ಅವರ ಪಾದ ಹಿಡಿದುಕೊಂಡು, ನಿಮ್ಮನ್ನು ಕೆಳಗಿಳಿಸಿದವನು ನಾನೇ, ಮೇಲಕ್ಕೆ ತರಲಾಗಲಿಲ್ಲ ಎಂದು ಬಿಕ್ಕಿದ. ಗೋಡ್‌ಫ್ರಿಡಾ ಈ ಸಲ ಸೌಟು ಎತ್ತಲಿಲ್ಲ. ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಎರಡನೆಯ ನಿಧನಕ್ಕೆ ಕೌನ್ಸಿಲ್ಲಿನಲ್ಲಿ ಅವಕಾಶವಿರಲಿಲ್ಲ. ಒಬ್ಬ ನಾಗರಿಕನಿಗೆ ಒಂದೇ ಸಾವು. ಹೆಚ್ಚುವರಿ ಸಾವಿಗೆ ಸ್ಥಳ ಮಂಜೂರು ಮಾಡಿದರೆ ಎಲ್ಲರೂ ಕೇಳುತ್ತಾರೆ. ಫಲಕದ ತಾರೀಖನ್ನು ತಿದ್ದುವುದಂತೂ ಆಗದ ಮಾತು. ಟೌನ್ ಕ್ಲರ್ಕ್ ಈ ಸಲ ಹುಂಜ ತೆಗೆದುಕೊಳ್ಳದೆಯೇ ದಾರಿ ತೋರಿಸಿದರು. ಲೊಂಬೆಯವರ ಹೆಸರಿನಲ್ಲಿ ಈಗಾಗಲೇ ಒಂದು ಸಮಾಧಿಯಿದೆ. ಅದರಲ್ಲಿ ಒಂದು ಕೊರತೆಯಿದೆ. ಆ ಕೊರತೆಯನ್ನು ತುಂಬುವುದು ದುರಸ್ತಿ ಕಾಮಗಾರಿಯ ಅಡಿಯಲ್ಲಿ ಬರುತ್ತದೆ. ದುರಸ್ತಿಗೆ ಇಬ್ಬರು ಕೂಲಿಯಾಳುಗಳು ಸಾಕು. ಜನ ಸೇರತಕ್ಕದ್ದಲ್ಲ, ಅಳತಕ್ಕದ್ದಲ್ಲ, ವಾದ್ಯ ಬಾರಿಸತಕ್ಕದ್ದಲ್ಲ.

ಹಾಗೆ ಒಂದು ಮೋಡದ ಬೆಳಿಗ್ಗೆ ಕಪಾಂಪಾ ಮತ್ತು ಜೆರೆ ಇಬ್ಬರೇ ಸ್ಮಶಾನದಲ್ಲಿ ನಿಂತರು. ಹಸಿ ಮಣ್ಣು ತೆಗೆದರು, ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಮೇಯರ್ ಸಾಹೇಬರ ಭಾವಮೈದುನನ ಪೆಟ್ಟಿಗೆಗೆ ಆಗಲೇ ಗೆದ್ದಲು ಹಿಡಿದಿತ್ತು. ಲೊಂಬೆಯವರನ್ನು ಒಳಗೆ ಮಲಗಿಸಿದರು. ಜೆರೆ ತಾನು ಹೊಲಿದು ತಂದಿದ್ದ ಒಂದು ಬೆಲ್ ಬಾಟಂ ಮಡಿಚಿ ಅವರ ಕಾಲ ಬಳಿ ಇಟ್ಟ, ನೈಟ್ ಶಿಫ್ಟಿನವರಿಗೆ ಹೊಲಿದಷ್ಟೇ ಅಗಲದ್ದು. ಮುಚ್ಚಳ ಹಾಕಿದರು.

ಕಪಾಂಪಾ ಬೈಗುಳಕ್ಕೆ ಕಾದ. ಜೆರೆ ಗುದ್ದಲಿಗೆ ಅಂಟಿದ ಮಣ್ಣನ್ನು ಬೂಟಿನಿಂದ ಕೆರೆಯುತ್ತಿದ್ದ.

"ಬೈಯೋ," ಎಂದ ಕಪಾಂಪಾ. "ಏನ್ ನೋಡ್ತಿದ್ದೀಯಾ? ನೆಂಟ ಅಲ್ವಾ ನೀನು? ಬಸ್ಸು ತಪ್ಪಿಸ್ಕೊಂಡೋನು ಅನ್ನು. ಬೈಯೋ!"

ಜೆರೆ ಗುದ್ದಲಿ ನೆಲಕ್ಕೆ ಊರಿ ನೆಟ್ಟಗೆ ನಿಂತ. "ಲೊಂಬೆ ಒಂದೇ ಒಂದು ಏಟೂ ತಪ್ಪಿದೋನಲ್ಲ ಕಣೋ. ನಮ್ಮ ಡ್ರಮ್ಮರ್ ಅವನ ಕಾಲ ಧೂಳಿಗೂ ಸಮ ಆಗ್ತಿರ್ಲಿಲ್ಲ. ವೆಲ್ಫೇರ್ ಹಾಲಲ್ಲಿ ಕೇಳಿದ ಮೊದಲ ದಿನದಿಂದ ನನಗೆ ಗೊತ್ತು."

ಇಷ್ಟು ವರ್ಷ ಕಾದಿದ್ದ ಮಾತು ಕಿವಿಗೆ ಬಿದ್ದಾಗ ಕಪಾಂಪಾಗೆ ಸಿಟ್ಟು ಉಕ್ಕಿತು. "ಹಿಂದಕ್ಕೆ ತಗೋ! ಹೆಣದ ಮುಂದೆ ಹೊಗಳ್ತೀಯಾ? ಯಾವ ಗೇಲಿ ನೆಂಟನೋ ನೀನು? ಸತ್ತೋರಿಗೆ ಅವಮಾನ ಆಗಲ್ವಾ?"

"ಮಣ್ಣು ಮಾಡೋವಾಗ ಬೈಯಬೇಕು. ಅವತ್ತು ಬೈದಾಯ್ತು," ಎಂದ ಜೆರೆ, ಅಂಗೈಯಿಂದ ಮೂಗೊರೆಸಿಕೊಳ್ಳುತ್ತ. "ಇದು ಮಣ್ಣಲ್ಲ ಕಣೋ ಬಶಿ ಚೋಲಾ. ರಿಪೇರಿ. ರಿಪೇರೀಲಿ ನಿಜ ಹೇಳಬಹುದು."

ಕಪಾಂಪಾ ಗುದ್ದಲಿ ಎತ್ತಿಕೊಂಡ. ಇಬ್ಬರೂ ಸೇರಿ ಮಣ್ಣೆಳೆದರು. ಮರುದಿನ ಕೌನ್ಸಿಲ್ಲಿನ ಮೈಕಿನ ಗಾಡಿ ಫರ್ನೇಸ್ ಬ್ರದರ್ಸ್ ವೃತ್ತವನ್ನು ಸುತ್ತುಹಾಕಿ, ಸ್ಮಶಾನದ ದುರಸ್ತಿ ಕಾಮಗಾರಿಯೊಂದು ತೃಪ್ತಿಕರವಾಗಿ ಮುಗಿದಿದೆ, ಸಹಕರಿಸಿದ ಮೃತರಿಗೆ ಕೌನ್ಸಿಲ್ ಆಭಾರಿಯಾಗಿದೆ ಎಂದು ಸಾರಿತು. ಮಾರುಕಟ್ಟೆಯ ಜನ ಕೇಳಿ ತಲೆದೂಗಿದರು. ಲೊಂಬೆಯವರು ಮೊದಲಿನಿಂದಲೂ ಹಾಗೆಯೇ, ಯಾರಿಗೂ ಇಲ್ಲವೆಂದವರಲ್ಲ.